ಮೊಲದ ಹೊಟ್ಟೆಯೊಳಗಿನ ಕೂದಲು

ಪ್ರಾಣಿಯ ಕಣ್ಣೆದುರು ಕತ್ತಿ ಮಸೆಯಬಾರದು ಎಂದು ನಮ್ಮಲ್ಲಿ ಕಟ್ಟಳೆ. ಹಕೀಂ ಭಾವ ಗೂಡಿನ ಮುಂದೆಯೇ ಕುಳಿತು ಮಸೆಯುತ್ತಿದ್ದರು. ಗೂಡಿನೊಳಗೆ ನನ್ನ ಅಕ್ಕ ಸೌದಾಳ ಬಿಳಿ ಮೊಲ ಬೆನ್ನು ಗೂನು ಮಾಡಿಕೊಂಡು ಮೂಲೆಗೆ ಮುಖ ಮಾಡಿತ್ತು. ಕಲ್ಲಿನ ಮೇಲೆ ಅಲಗು ಎಳೆದಾಗಲೆಲ್ಲ ಅದರ ಕಿವಿ ಅದುರುತ್ತಿತ್ತು.

“ಇದು ಸಂಜೆ ದಾಟುವುದಿಲ್ಲ,” ಎಂದರು ಭಾವ, ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡುತ್ತ. “ತಾನಾಗಿ ಸತ್ತರೆ ಹರಾಮ್, ಹೂಳಬೇಕು. ಜೀವ ಇರುವಾಗ ಕೊಯ್ದರೆ ಒಂದು ಹೊತ್ತಿನ ಸಾರಾದರೂ ಆಗ್ತದೆ.”

“ಸಾಯುವುದಿಲ್ಲ ಭಾವ. ಹೊಟ್ಟೆ ಕಟ್ಟಿದೆ ಅಷ್ಟೆ.”

“ನೀನು ಬಿ.ಎ. ಓದಿದ್ದು ಮೊಲದ ಹೊಟ್ಟೆಯ ಮೇಲೆಯಾ, ಜಮೀಲಾ?”

ಅವರು ನಗುವಾಗ ನಾನು ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಆ ಮನೆಯಲ್ಲಿ ನಾನು ಕಲಿತ ವಿದ್ಯೆ ಅದು.

ಅದು ಎಪ್ಪತ್ತೊಂಬತ್ತರ ಏಪ್ರಿಲ್. ಕಾಪುವಿನ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ನಾವು ಉಮ್ಮ ಎನ್ನುವ ತಾಯಿ ನಬೀಸಾ, ಅಕ್ಕ, ನಾನು. ನಮ್ಮ ಬ್ಯಾರಿ ಮನೆಗಳಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವುದಕ್ಕಿಂತ ಗಂಡನೇ ಹೆಣ್ಣಿನ ಮನೆಗೆ ಬರುವುದು ಹೆಚ್ಚು. ಹೀಗೆ ಬಂದ ಅಳಿಯ, ನಮ್ಮ ಮಾತಿನಲ್ಲಿ ಪುದಿಯಾಪ್ಳೆ, ಹಕೀಂ ಭಾವ. ಕಾಪುವಿನಿಂದ ಕಾರ್ಕಳಕ್ಕೆ ಮೀನಿನ ಲಾರಿ ಓಡಿಸುತ್ತಿದ್ದರು. ಅಳಿಯನಿಗೆ ಒಳ್ಳೆಯ ಕೋಣೆ, ದೊಡ್ಡ ಮೀನಿನ ತಲೆ, ಕೈ ತೊಳೆಯಲು ಬಿಸಿನೀರು. ಅವರು ಅಕ್ಕನಿಗೆ ಹೊಡೆದಾಗ ಉಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, “ಅಳಿಯ ಅಲ್ವಾ, ಸಹಿಸಬೇಕು” ಎನ್ನುತ್ತಿದ್ದರು.

ಕಾಯಿಲೆ ಬಿದ್ದ ಕೋಳಿ, ಆಡುಗಳನ್ನು ಕೊಯ್ಯಲು ಮೊದಲೆಲ್ಲ ಬರುತ್ತಿದ್ದವರು ಪಕ್ಕದ ಮನೆಯ ಶೇಕಬ್ಬ ಮಾವ, ಉಮ್ಮನ ಅಣ್ಣ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಪ್ರಾಣಿಗೆ ನೀರು ಕುಡಿಸಿ, ಕಣ್ಣಿನ ಮೇಲೆ ಅಂಗೈ ಇಟ್ಟು, ಒಂದೇ ಎಳೆತಕ್ಕೆ ಮುಗಿಸುತ್ತಿದ್ದರು. ಭಾವ ಬಂದ ಮೇಲೆ ಅದು ಭಾವನ ಕೆಲಸವಾಯಿತು. ಹೊಟ್ಟೆ ಉಬ್ಬಿದ ಆಡೊಂದನ್ನು ಅವರು ಕೊಯ್ದದ್ದು ನನಗೆ ನೆನಪಿದೆ. ಮೊದಲು ಒದ್ದು ಕೆಡವಿದರು, ಆಮೇಲೆ ಕೊಯ್ದರು, ಕತ್ತಿ ಮೊಂಡಾಗಿತ್ತು. ಆಡು ಅರ್ಧ ಕೊರಳಿನಲ್ಲಿ ಎದ್ದು ಬಾವಿಯವರೆಗೆ ಓಡಿತು. ಅಂಗಳದ ಗೋಡೆಗೆ ರಟ್ಟಿದ ರಕ್ತವನ್ನು ಅಕ್ಕ ಬೂದಿ ಹಾಕಿ ಉಜ್ಜಿದಳು. ಕಲೆ ಪೂರ್ತಿ ಹೋಗಲಿಲ್ಲ.

ಮೊಲ ತಂದುಕೊಟ್ಟವಳು ನಾನು. ನನ್ನ ಕಾಲೇಜಿನ ಗೆಳತಿ ಮ್ಯಾಗ್ಡಲಿನ್ ಮಣಿಪಾಲದಲ್ಲಿ ಕೆಲಸ ಮಾಡುತ್ತ ಮನೆಯಲ್ಲಿ ಉದ್ದ ಕೂದಲಿನ ಮೊಲಗಳನ್ನು ಸಾಕಿದ್ದಳು. ಮಕ್ಕಳಿಲ್ಲದ ಅಕ್ಕನಿಗೆ ಒಂದು ಮರಿ ಕೇಳಿದೆ. ಅವಳು ಕೊಡುವ ಮೊದಲು ನನ್ನನ್ನು ಕೂರಿಸಿ ಹೇಳಿದಳು:

“ಬೆಕ್ಕು ಮೈ ನೆಕ್ಕಿ ಕೂದಲು ನುಂಗಿದರೆ ಕಾರಿಕೊಳ್ತದೆ. ಮೊಲಕ್ಕೆ ವಾಂತಿ ಬರುವುದೇ ಇಲ್ಲ ಮಾರಾಯ್ತಿ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು, ಇಲ್ಲದಿದ್ದರೆ ಅಲ್ಲೇ ಉಂಡೆ ಕಟ್ಟಿ ಸಾಯ್ತದೆ. ದಿನಾ ಬಾಚು. ಕೂದಲು ಉದುರುವ ಕಾಲದಲ್ಲಿ ಎರಡು ಸಲ ಬಾಚು. ಒಣಹುಲ್ಲು ಯಾವಾಗಲೂ ಮುಂದೆ ಇರಲಿ, ಅದೇ ಹೊಟ್ಟೆಯನ್ನು ನಡೆಸುವುದು. ನೀರು ಒಣಗಬಾರದು. ಗೂಡಿನಿಂದ ಬಿಟ್ಟು ಓಡಿಸು. ಅನ್ನ, ರೊಟ್ಟಿ ಮಾತ್ರ ಬೇಡ.”

“ಗೊತ್ತಾಗುವುದು ಹೇಗೆ?”

“ಹಿಕ್ಕೆ ನೋಡು. ಕಡಲೆಯಷ್ಟು ದಪ್ಪ ಇದ್ದರೆ ಚಿಂತೆ ಇಲ್ಲ. ಸಣ್ಣದಾದರೆ, ಕೂದಲಿನಲ್ಲಿ ಪೋಣಿಸಿದ ಹಾಗೆ ಬಂದರೆ ಹುಷಾರು. ನಿಂತೇ ಹೋದರೆ ಕಾಯಬೇಡ, ಪಶು ಆಸ್ಪತ್ರೆಗೆ ಓಡು.”

ಅಕ್ಕ ಅದಕ್ಕೆ ಸಕ್ಕರೆ ಎಂದು ಹೆಸರಿಟ್ಟಳು. ಬೆಳಿಗ್ಗೆ ಭಾವನ ಲಾರಿ ಹೊರಟ ಮೇಲೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಹಳೆಯ ಬಾಚಣಿಗೆಯಿಂದ ಬಾಚುತ್ತಿದ್ದಳು. ಗುಡ್ಡದ ಹುಲ್ಲನ್ನು ಒಣಗಿಸಿ ಅಟ್ಟದಲ್ಲಿ ಕಟ್ಟಿಟ್ಟಿದ್ದಳು. ಅವಳು ಹಾಡು ಗುನುಗುವುದನ್ನು ನಾನು ಕೇಳಿದ್ದು ಆ ಹೊತ್ತಿನಲ್ಲಿ ಮಾತ್ರ.

ಮಾರ್ಚ್‌ನಲ್ಲಿ ಒಂದು ದಿನ ಮೀನುಸಾರಿಗೆ ಉಪ್ಪು ಹೆಚ್ಚಾಯಿತು. ಭಾವ ಅಂಗಳದಲ್ಲಿದ್ದ ತೆಂಗಿನ ಕೊತ್ತಳಿಗೆಯನ್ನು, ಗರಿಯ ದಪ್ಪ ಬುಡವನ್ನು, ಎತ್ತಿಕೊಂಡರು. ಅಕ್ಕ ತಲೆಗೆ ಬಲಗೈ ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ಒಣ ಕಟ್ಟಿಗೆ ಮುರಿದ ಹಾಗೆಯೇ ಇತ್ತು. ನಾನು ಓಡಿ ನಡುವೆ ನಿಂತಾಗ ಎರಡನೆಯ ಏಟು ನನ್ನ ಭುಜಕ್ಕೆ ಬಿತ್ತು. ಉಚ್ಚಿಲದ ವೈದ್ಯರು ಅಕ್ಕನ ಮಣಿಕಟ್ಟಿಗೆ ಎಣ್ಣೆ ಹಚ್ಚಿ, ಬಿದಿರಿನ ಚಕ್ಕೆ ಇಟ್ಟು ಕಟ್ಟಿದರು. “ಬಿದ್ದದ್ದು,” ಎಂದರು ಉಮ್ಮ.

ಬಾಚುವ ಕೈ ಅದೇ. ಅಕ್ಕ ಎಡಗೈಯಲ್ಲಿ ಪ್ರಯತ್ನಿಸಿದಳು, ಮೊಲ ಜಾರಿತು. ನಾನು ಕೈ ಹಾಕಿದರೆ ಅದು ಕಡಿಯುತ್ತಿತ್ತು, ಗೂಡಿನ ಹಿಂದಕ್ಕೆ ಒತ್ತಿಕೊಳ್ಳುತ್ತಿತ್ತು. ಸೆಖೆಗೆ ಕೂದಲು ಕಂತೆ ಕಂತೆಯಾಗಿ ಉದುರುವ ಕಾಲ ಬೇರೆ. ಅದು ದಿನವಿಡೀ ಮೈ ನೆಕ್ಕುತ್ತಿತ್ತು. ಅಟ್ಟ ಹತ್ತಿ ಹುಲ್ಲು ಇಳಿಸಲಾಗದ ಉಮ್ಮ, ಮಗಳ ಮೊಲ ಹಸಿದಿದೆ ಎಂದು ಅಕ್ಕಿರೊಟ್ಟಿ ಹಾಕಿದರು, ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಹೊತ್ತಿನಲ್ಲಿ. ಹಿಕ್ಕೆ ಸಣ್ಣದಾದದ್ದನ್ನು ನಾನು ನೋಡಿದೆ. ಭಾವ ಕತ್ತಿ ಮಸೆದ ದಿನ ಬೆಳಿಗ್ಗೆ ಒಂದೂ ಇರಲಿಲ್ಲ. ಹೊಟ್ಟೆ ಮುಟ್ಟಿದರೆ ಕಲಸಿದ ಹಿಟ್ಟಿನ ಹಾಗೆ. ಅದನ್ನು ಬುಟ್ಟಿಯಲ್ಲಿಟ್ಟು ಉಡುಪಿಯ ಬಸ್ಸು ಹತ್ತಬೇಕೆಂದು ನಾನು ಸೀರೆ ಬದಲಿಸುತ್ತಿದ್ದಾಗ ಭಾವನ ಲಾರಿ ಬಂದು ನಿಂತಿತು.

ಈಗ ಭಾವ ಗೂಡಿನ ಬಾಗಿಲು ತೆರೆದು ಸಕ್ಕರೆಯ ಕಿವಿ ಹಿಡಿದು ಎಳೆದರು. ಮೊಲ ಕಿರುಚಿತು. ಮೊಲ ಕಿರುಚುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಳೆ ಮಗುವಿನ ಅಳುವಿನ ಹಾಗಿತ್ತು. ಅಡುಗೆಮನೆಯಿಂದ ಅಕ್ಕ ಓಡಿ ಬಂದಳು.

“ಬಿಡಿ. ಅದು ನನ್ನದು.”

“ನಿನ್ನದು ಎಂತ ಉಂಟು ಈ ಮನೆಯಲ್ಲಿ?” ಭಾವ ಅವಳ ಕೆನ್ನೆಗೆ ಹೊಡೆದರು. ಅವಳು ಗೂಡಿಗೆ ಬಡಿದು ಕೂತಳು, ತುಟಿ ಒಡೆಯಿತು. ನಾನು ಭಾವನ ತೋಳಿಗೆ ಜೋತುಬಿದ್ದೆ. ಅವರು ಮೊಣಕೈಯಿಂದ ನನ್ನ ಎದೆಗೆ ತಿವಿದರು. ಉಸಿರು ನಿಂತು ನಾನು ನೆಲಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ನೋಡಿದೆ: ಅವರು ಮೊಲವನ್ನು ಒಗೆಯುವ ಕಲ್ಲಿನ ಮೇಲೆ ಒತ್ತಿ, ಮೊಣಕಾಲು ಅದರ ಬೆನ್ನಿಗೆ ಊರಿ, ಕೊರಳಿನ ಕೂದಲು ಸರಿಸುತ್ತಿದ್ದರು.

ಅಕ್ಕ ಎದ್ದು ಬಂದು, ಬಿದಿರು ಕಟ್ಟಿದ ಬಲಗೈಯನ್ನು ಮೊಲದ ಕೊರಳಿನ ಮೇಲೆ ಇಟ್ಟಳು.

“ಮೊದಲು ಇದನ್ನು ಕೊಯ್ಯಿರಿ,” ಎಂದಳು. “ಇದು ಗಟ್ಟಿಯಿದ್ದಿದ್ದರೆ ಅದಕ್ಕೆ ಹೀಗೆ ಆಗ್ತಿರಲಿಲ್ಲ.”

ಭಾವ ಕತ್ತಿಯ ಹಿಡಿಯಿಂದ ಆ ಕೈಗೇ ಗುದ್ದಿದರು. ಬಿದಿರು ಸೀಳಿತು. ಅಕ್ಕ ಕೂಗಿದಳು, ಕೈ ತೆಗೆಯಲಿಲ್ಲ. ಇನ್ನೊಮ್ಮೆ ಎತ್ತಲು ಅವರು ಮೊಣಕಾಲು ಸಡಿಲಿಸಿದಾಗ ಸಕ್ಕರೆ ಹಿಂಗಾಲಿನಿಂದ ಒದೆಯಿತು. ಉಗುರು ಭಾವನ ಮುಂಗೈಯನ್ನು ಉದ್ದಕ್ಕೆ ಸೀಳಿತು. ಕತ್ತಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಅವರು ಬೈಯುತ್ತ ರಕ್ತ ಸುರಿಯುವ ಕೈ ಹಿಡಿದುಕೊಂಡು ಬಾವಿಯ ಕಡೆ ಹೋದರು. ಕೊಡಪಾನ ಒದ್ದ ಸದ್ದು ಕೇಳಿಸಿತು.

ಅಕ್ಕ ಮೊಲವನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡಳು. ಕತ್ತಿಯನ್ನು ನಾನು ಎತ್ತಿಕೊಂಡೆ. ಒಳಗೆ ಹೋಗಿ ಅವಳೇ ಬಾಗಿಲು ಹಾಕಿ ಅಗಳಿ ಏರಿಸಿದಳು.

“ಸೌದಾ! ಅಳಿಯ ಹೊರಗೆ ಇದ್ದಾರೆ!” ಎಂದರು ಉಮ್ಮ.

“ಇರಲಿ ಉಮ್ಮ. ಹಿತ್ತಲಿನ ಬಾಗಿಲೂ ಹಾಕಿ.”

ಉಮ್ಮ ಅವಳ ತುಟಿ ನೋಡಿದರು, ಸೀಳಿದ ಬಿದಿರು ನೋಡಿದರು. ಹೋಗಿ ಹಾಕಿ ಬಂದರು.

ಬಾಗಿಲಿಗೆ ಮೊದಲ ಒದೆ ಬಿದ್ದಾಗ ನಾನು ಪೆನ್ನಿಗೆ ಶಾಯಿ ತುಂಬುವ ಫಿಲ್ಲರನ್ನು ತೊಳೆಯುತ್ತಿದ್ದೆ. ಅದರಿಂದ ಸಕ್ಕರೆಯ ಬಾಯಿಯ ಪಕ್ಕಕ್ಕೆ ಹನಿ ಹನಿಯಾಗಿ ಉಗುರುಬೆಚ್ಚಗಿನ ನೀರು ಬಿಟ್ಟೆ. ಅರ್ಧ ಅದರ ಎದೆಗೆ ಚೆಲ್ಲಿತು. ಅಕ್ಕ ಹೊಟ್ಟೆಯನ್ನು ಮೆಲ್ಲಗೆ, ಒತ್ತದೆ, ಹಿಂದಕ್ಕೆ ನೀವಿದಳು. ಕಿಟಕಿಯ ಗಾಜು ಒಡೆದು ಕಲ್ಲು ಒಳಗೆ ಬಿತ್ತು. “ಕೊಲ್ತೇನೆ! ಮೂವರನ್ನೂ ಕೊಲ್ತೇನೆ!” ಉಮ್ಮ ಏಣಿ ಇಟ್ಟು, ಒಂದೊಂದೇ ಮೆಟ್ಟಿಲು ಹಿಡಿದು ಅಟ್ಟ ಹತ್ತಿ ಹುಲ್ಲಿನ ಕಂತೆ ಇಳಿಸಿದರು. ಬಾಗಿಲು ಚೌಕಟ್ಟಿನಲ್ಲಿ ಅಲುಗುತ್ತಿತ್ತು. ನಾವು ಮೊಲವನ್ನು ನೆಲಕ್ಕೆ ಬಿಟ್ಟು ಕೋಣೆಯ ಆಚೆಯಿಂದ ಈಚೆಗೆ ನಡೆಸಿದೆವು. ಅದು ಒಂದು ಕಡ್ಡಿ ಮೂಸಿತು, ಬಿಟ್ಟಿತು. ಮತ್ತೆ ನೀರು, ಮತ್ತೆ ನಡಿಗೆ.

ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ, ಆಗಷ್ಟೇ ಮನೆಗೆ ಮರಳಿದ ಶೇಕಬ್ಬ ಮಾವನ ದನಿ ಕೇಳಿಸಿತು.

“ಎಂತ ಇದು, ಹಕೀಂ?”

“ನಿಮ್ಮ ಸೊಸೆ ನನ್ನನ್ನು ಹೊರಗೆ ಹಾಕಿದ್ದಾಳೆ. ಸಾಯುವ ಮೊಲಕ್ಕೋಸ್ಕರ!”

“ಸಾಯುತ್ತದೆಯಾ ಅದು, ಸೌದಾ?” ಮಾವ ಹೊರಗಿನಿಂದಲೇ ಕೇಳಿದರು.

ಅಕ್ಕ ನೆಲ ನೋಡುತ್ತಿದ್ದಳು. ಸಕ್ಕರೆ ಹಿಂಗಾಲು ಅಗಲಿಸಿ ನಿಂತಿತ್ತು. ಅದರ ಹಿಂದೆ, ಬಿಳಿ ಕೂದಲಿನ ಒಂದು ಎಳೆಯಲ್ಲಿ ಪೋಣಿಸಿದ ಹಾಗೆ, ಕರಿಯ ಹಿಕ್ಕೆಗಳ ಸಾಲು. ನಾನು ಬಗ್ಗಿ ಎತ್ತಿದೆ. ಸಣ್ಣವು, ಒದ್ದೆಯವು. ಆ ಹೊತ್ತಿನಲ್ಲಿ ಅದಕ್ಕಿಂತ ಚೆಂದದ್ದು ನಾನು ನೋಡಿರಲಿಲ್ಲ.

ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒಡೆದ ಕಿಟಕಿಯ ಬಳಿ ಹೋದಳು.

“ಸಾಯುವುದಿಲ್ಲ ಮಾವ. ಇಲ್ಲಿ ನೋಡಿ.”

ಮಾವ ಅವಳ ಅಂಗೈ ನೋಡಿದರು. ಅನಂತರ ಅವಳ ತುಟಿ, ಕೈ.

“ಬಾಗಿಲು ತೆಗೆಯಲು ಹೇಳಿ ಅವಳಿಗೆ,” ಎಂದರು ಭಾವ.

“ಮನೆ ಅವಳದ್ದು. ತೆಗೆಯುವುದು ಬಿಡುವುದು ಅವಳಿಗೆ ಬಿಟ್ಟದ್ದು,” ಎಂದರು ಮಾವ.

ಅಕ್ಕ ಕೋಣೆಗೆ ಹೋದಳು. ಭಾವನ ತಗಡಿನ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ನೆಲದ ಮೇಲೆ ಕರಕರನೆ ಎಳೆದು ತಂದಳು. ಉಮ್ಮ ಇನ್ನೊಂದು ತುದಿ ಹಿಡಿದರು. ಬಾಗಿಲು ತೆರೆದಾಗ ಭಾವ ಮುಂದಕ್ಕೆ ನುಗ್ಗಿದರು. ಮಾವ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದರು, ಆಡಿನ ರಕ್ತದ ಕಲೆ ಇದ್ದ ಗೋಡೆಗೆ. ಪೆಟ್ಟಿಗೆ ಮೆಟ್ಟಿಲಿನಿಂದ ಉರುಳಿ ಬಾಯಿ ತೆರೆಯಿತು. ಅಗಳಿ ಮತ್ತೆ ಏರಿತು.

ಲಾರಿ ಹೊರಟ ಸದ್ದು ಪೂರ್ತಿ ಅಡಗುವವರೆಗೆ ನಾನು ಕತ್ತಿ ಹಿಡಿದುಕೊಂಡೇ ನಿಂತಿದ್ದೆ. ಅವರು ಮತ್ತೆ ಬರಬಹುದು ಎಂದು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು.

“ಜಮೀಲಾ, ಅದನ್ನು ಕೆಳಗಿಡು,” ಎಂದಳು ಅವಳು, ನೆಲದಲ್ಲಿ ಕುಳಿತು ಸಕ್ಕರೆಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತ. “ಬಾಚಣಿಗೆ ತಾ. ನಾನು ಹಿಡಿದುಕೊಳ್ತೇನೆ, ನೀನು ಬಾಚು. ಕಡಿದರೆ ಕಡಿಯಲಿ.”