ಗೊಟ್ಟ ಹಿಡಿದ ಕೈ

ಹನಿ, ಮತ್ತೊಂದು ಹನಿ, ಮೇಲೆ ತೂಗುಬಿಟ್ಟ ಬಾಟಲಿಯಿಂದ ಇಳಿದು ಎಡಗೈಯ ನರವನ್ನು ಸುಡುತ್ತಿದೆ, ಬರೀ ನೀರಾಗಿದ್ದರೆ ಸುಡುವುದೇಕೆ, ಎಪ್ಪತ್ನಾಲ್ಕು ವರ್ಷದ ಹಾಲಸಿದ್ದನ ಕಿವಿಗೆ ಹೂವಿಡಲು ಬರುತ್ತಾರೆ, ಇಂಥವರನ್ನು ಎಷ್ಟು ಮಂದಿ ಕಂಡಿಲ್ಲ ಅವನು — ಬೆಳಿಗ್ಗೆ ನರ್ಸಬಾಯಿ ಬಾಟಲಿಗೆ ಸೂಜಿ ಚುಚ್ಚಿ ಏನೋ ಬೆರೆಸುವಾಗ ಸೊಸೆ ಮನಿಷಾ ಪಕ್ಕದಲ್ಲೇ ನಿಂತಿದ್ದಳು, ಇಬ್ಬರೂ ಪಿಸುಗುಟ್ಟಿದರು, ಅದೂ ಮರಾಠಿಯಲ್ಲಿ, ಮಿರಜಿನ ಸಂತೆಯಲ್ಲಿ ಟಗರು ಮಾರಿದವನಿಗೆ ಮರಾಠಿ ಬರುವುದಿಲ್ಲವೇ, ಬರುತ್ತದೆ, ಆದರೆ ಕೇಳಿಸಲಿಲ್ಲ, ಕೇಳಿಸದ ಹಾಗೆಯೇ ಆಡಿಕೊಂಡರು. ಹೊಟ್ಟೆ ಬೆಂಕಿಗೆ ಕಾಸಿದ ಹಲಗೆಯ ಚರ್ಮದಂತೆ ಬಿಗಿದಿದೆ, ಮೂಗಿನಲ್ಲೊಂದು ನಳಿಕೆ, ಆರು ದಿನದಿಂದ ಒಳಗಿನದು ಹೊರಗೆ ಹೋಗಿಲ್ಲ, ಗಾಳಿ ಕೂಡ ಸರಿಯುವುದಿಲ್ಲ, ಹಸಿ ಮೇವು ತಿಂದು ಉಬ್ಬರಿಸಿದ ಕುರಿ ಹೀಗೇ ಬಿದ್ದಿರುತ್ತದೆ, ಅದಕ್ಕೆ ಗೊಟ್ಟ ಹಾಕಬೇಕು, ಓರೆಯಾಗಿ ಕೊಯ್ದ ಬಿದಿರಿನ ಕೊಳವೆಯಲ್ಲಿ ಔಷಧ ತುಂಬಿ, ಒಬ್ಬ ಕುತ್ತಿಗೆ ಹಿಡಿಯಬೇಕು, ಇನ್ನೊಬ್ಬ ದವಡೆಯ ಸಂದಿಗೆ ಇಟ್ಟು ಸುರಿಯಬೇಕು — ಸುರಿದರಲ್ಲ, ತನಗೂ ಯಾರೋ ಸುರಿದರಲ್ಲ, ಊರಲ್ಲಿ, ದಿಗ್ಗೇವಾಡಿಯಲ್ಲಿ, ಕುರಿ ಹಟ್ಟಿಯ ಹಿಂದೆ, ಬಾಯಿಗೆ ಬಿದಿರು, ಗಂಟಲಿಗೆ ಕಹಿ, ಬಿದಿರಿಗೆ ಏನೋ ತಗುಲಿ ಟಕ್ ಎಂದ ಸದ್ದು, ಒಂದು ಕೈ, ಯಾರ ಕೈ ಅದು.

ಮತ್ತಾರದು, ಸೊಸೆಯದೇ, ಟಕ್ ಎಂದದ್ದು ಅವಳ ಬಳೆಯೇ, ಹೋಳಿ ಮುಗಿದಾಗಿನಿಂದ ಅನ್ನದಲ್ಲಿ ಉಪ್ಪು ಮಾಯವಾಗಿದೆ, ಬಿ.ಪಿ. ಐತಿ ಮಾಮಾ, ಉಪ್ಪು ಕಮ್ಮಿ ಮಾಡ್ರಿ ಅಂದಾರ ಡಾಕ್ಟರು, ಅಂದವರು ಯಾರು ಕೇಳಿದವರು ಯಾರು, ಉಚ್ಚೆ ಹರಿಸುವ ಗುಳಿಗೆಯೊಂದನ್ನು ಬೇರೆ ದಿನಾ ಅಂಗೈಗೆ ಇಟ್ಟು ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದಳು, ಕುರಿಗಾದರೂ ಹಟ್ಟಿಯಲ್ಲಿ ನೆಕ್ಕಲು ಉಪ್ಪಿನ ಹರಳು ಕಟ್ಟುತ್ತಾರೆ, ಮಾವನಿಗೆ ಅದೂ ಇಲ್ಲ, ತಾರವ್ವ ಇದ್ದಿದ್ದರೆ, ತಾರವ್ವನ ಕೈಯ ಝುಣಕ, ಚುರ್ ಅನ್ನುವ ಉಪ್ಪು ಖಾರ, ಹೆಂಡತಿ ಹೋಗಿ ಮೂರು ವರ್ಷವಾಯಿತು, ನೋಡು ತಾರೀ, ನಿನ್ನ ಗಂಡನನ್ನು ಸಪ್ಪೆ ಅನ್ನ ಹಾಕಿ ಕೊಲ್ಲುತ್ತಿದ್ದಾರೆ. ಮೊದಲು ಹೊಟ್ಟೆ ಕಟ್ಟಿತು, ನಾಲ್ಕು ದಿನ ಚರಿಗೆ ಹಿಡಿದು ಹೋದವನು ಹೋದ ಹಾಗೇ ಬಂದ, ಆಮೇಲೆ ಒಮ್ಮೆಲೇ ಸಡಿಲವಾಯಿತು, ಹೇಗೆ ಸಡಿಲವಾಯಿತು, ಇಪ್ಪತ್ತು ದಿನ ನೀರು ನೀರೇ ಹೋಯಿತು, ಕಾಲಲ್ಲಿ ಕಸುವಿಲ್ಲ, ಮೀನಖಂಡ ಹಿಂಡುತ್ತದೆ, ಗೋಡೆಯ ಮೇಲೆ ಕುರಿಗಳು ನಡೆಯುತ್ತವೆ, ಕೊನೆಗೆ ಎಲ್ಲ ನಿಂತು ಹೊಟ್ಟೆ ಉಬ್ಬಿತು. ಜೀಪಿನಲ್ಲಿ ಚಿಕ್ಕೋಡಿಯ ಈ ದವಾಖಾನೆಗೆ ತರುವಾಗ ಮಗ ಮಾಳುವಿಗೆ ಹೇಳಿಯೇಬಿಟ್ಟ, ನಿನ್ನ ಹೇಣ್ತಿ ನನಗ ಗೊಟ್ಟದಾಗ ಏನೋ ಹಾಕ್ಯಾಳಲೇ, ಕಣ್ಣಾರೆ ಕಂಡೇನಿ ನಾ. ಮನಿಷಾ ಜೀಪಿನ ಹಿಂದಿನ ಸೀಟಿನಲ್ಲೇ ಇದ್ದಳು, ಸೆರಗನ್ನು ಮುಖಕ್ಕೆ ಎಳೆದುಕೊಂಡಳು, ಕಳ್ಳಿಯಲ್ಲದಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದಳೇ.

ಡಾಕ್ಟರು ಮಂಚದ ಬದಿಗೆ ಕೂತು ಬೆಣ್ಣೆಯಂಥ ಮಾತಲ್ಲಿ ಕೇಳಿದ್ದರು, ಅಜ್ಜಾರ, ರಕ್ತದಾಗ ಪೊಟ್ಯಾಶಿಯಂ ತಳಾ ಕಂಡೈತಿ, ಸೋಡಿಯಂ ಸುದ್ದಾ ಇಳದೈತಿ, ಅವು ಇಲ್ಲಂದ್ರ ಕರುಳ ಅಲಗಾಡೂದಿಲ್ಲ, ತಲಿನೂ ನೆಟ್ಟಗಿರೂದಿಲ್ಲ, ಬರೇ ಸಪ್ಪಗ ಉಂಡ್ರ ಇಷ್ಟ ಇಳಿಯಂಗಿಲ್ಲ, ಜುಲಾಬ ಏನರ ತೊಗೊಂಡ್ರೇನು, ಖರೇ ಹೇಳ್ರಿ, ಅದು ಗೊತ್ತಾಗಲಿಲ್ಲಂದ್ರ ನಾಳಿ ಹೊಟ್ಟಿ ಕೊಯ್ದು ನೋಡೂದ ಆಗ್ತೈತಿ, ಈ ವಯಸ್ಸಿಗೆ ಅದು ಹಗರ ಮಾತಲ್ಲ. ಏನೂ ಇಲ್ಲ, ಅಕೀನ್ನ ಕೇಳ್ರಿ ಅಂದಿದ್ದ ಹಾಲಸಿದ್ದ, ಕೇಳಲಿ, ಎಲ್ಲ ಹೊರಗೆ ಬೀಳಲಿ. ಈಗ ಮಾಳು ಬಾಗಿಲಲ್ಲಿ ನಿಂತು ಮನಿಷಾಳ ಅಣ್ಣ ನಿಲೇಶನಿಗೆ ಫೋನು ಹಚ್ಚಿದ್ದಾನೆ, ಇವತ್ತ ಬರ್ರಿ, ನಿಮ್ಮ ತಂಗೀನ ಕರಕೊಂಡ ಹೋಗ್ರಿ, ಮತ್ತ ಕಳಸೂದ ಬ್ಯಾಡ — ಸರಿ, ಹೋಗಲಿ, ಪೀಡೆ ಕಳೆಯಲಿ, ಅರೆ, ಅವಳ ಕೈಯಲ್ಲಿ ಅದೇನದು, ತನ್ನ ಬೆಳ್ಳಿ ಕಡಗ, ಇನ್ನೂ ಜೀವ ಹೋಗಿಲ್ಲ, ಆಗಲೇ ಕಡಗ ಹಾಕಿಕೊಂಡು ಮೆರೆಯುತ್ತಿದ್ದಾಳೆ, ನೋಡಿದಿರಾ, ಸಿಕ್ಕಿಬಿದ್ದಳು.

ಅವಳೇ ಹತ್ತಿರ ಬಂದಳು, ಕಣ್ಣು ಕೆಂಪಗಾಗಿವೆ, ಒದ್ದೆ ಬಟ್ಟೆಯಿಂದ ಅವನ ಒಣಗಿದ ತುಟಿ ಒರೆಸಿದಳು, ಸೂಜಿ ಚುಚ್ಚೂ ಮುಂದ ನರ್ಸಬಾಯಿ ಇದನ್ನ ಬಿಚ್ಚಿ ಕೊಟ್ಟಿದ್ರು ಮಾಮಾ, ಕಳದೀತಂತ ನನ್ನ ಕೈಯಾಗ ಹಾಕ್ಕೊಂಡಿದ್ದೆ, ನಾ ಹೊಂಟೇನಿ, ಜೋಪಾನ ಮಾಡ್ಕೋರಿ, ಸಾಂಭಾಳ್ರಿ. ಕಡಗವನ್ನು ಅವನ ಬಲಗೈಗೆ ಏರಿಸಿ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು, ಕಡಗ ಮಂಚದ ಸರಳಿಗೆ ತಗುಲಿತು, ಟಕ್ — ಅದೇ ಸದ್ದು, ಬಳೆ ಹೀಗೆ ಸದ್ದು ಮಾಡುವುದಿಲ್ಲ, ಗಾಜಿನ ಬಳೆ ಕಿಣಿ ಕಿಣಿ ಅನ್ನುತ್ತದೆ, ಇದು ಟಕ್ — ಹಟ್ಟಿಯ ಹಿಂದೆ ಗೋಡೆಗೆ ತಲೆಯಾನಿಸಿದವನು ತಾನು, ಕುತ್ತಿಗೆ ಹಿಡಿಯಲು ಯಾರೂ ಇರಲಿಲ್ಲ, ಟಗರಿಗೆಂದು ತಂದಿಟ್ಟ ಜುಲಾಬಿನ ಪುಡಿ, ಕುರಿಗೆ ಆಗುವುದು ತನಗೆ ಆಗುವುದಿಲ್ಲವೇ ಅಂದುಕೊಂಡದ್ದು, ಮೊದಲ ದಿನ ಹಗುರಾಯಿತು, ಹಗುರಾಯಿತೆಂದು ದಿನಾ, ಊರಿನ ಕುರಿಗೆಲ್ಲ ಮದ್ದು ಹಾಕುವವನು ತನಗೆ ಹೊಟ್ಟೆ ಕಟ್ಟಿದೆಯೆಂದು ಸೊಸೆಯ ಮುಂದೆ ಹೇಳುವುದು ಹೇಗೆ, ನಾಚಿಕೆಯಾಯಿತು, ಗೊಟ್ಟವನ್ನು ಕಂಬಳಿಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿ ಬಚ್ಚಿಟ್ಟದ್ದೂ ತಾನೇ. ಮನಿಷಾ ಬಾಗಿಲ ತನಕ ಹೋಗಿದ್ದಾಳೆ. ಮಾಳ್ಯಾ, ಫೋನ ಇಡು, ಆಕಿ ಎಲ್ಲೂ ಹೋಗೂದಿಲ್ಲ, ಡಾಕ್ಟರನ ಕರಿ, ತೊಗೊಂಡದ್ದ ಹೇಳ್ತೇನಿ — ನಳಿಕೆಯ ಸಂದಿಯಿಂದ ದನಿ ಕೀರಲಾಗಿ ಬಂತು, ಇಬ್ಬರೂ ತಿರುಗಿ ನೋಡಿದರು, ಏನ ತೊಗೊಂಡಿ ಅಪ್ಪಾ, ಮಗ ಕೇಳುತ್ತಿದ್ದಾನೆ, ಯಾರ ಕೊಟ್ರು, ಹೇಳಬೇಕು, ಬಾಯಿ ತೆರೆದಿದೆ, ತೆರೆದ ಬಾಯಿಗೆ ಬಿದಿರು, ಓರೆಯಾಗಿ ಕೊಯ್ದ ಗೊಟ್ಟ, ಗೊಟ್ಟ ಹಿಡಿದ ಕೈ, ಆ ಕೈಯಲ್ಲಿ ತನ್ನದೇ ಕಡಗ.