ನನ್ನ ಬೆನ್ನ ಮೇಲಿನ ಕೆಂಪಕ್ಷರಗಳು

ನಾನು ಒಂದು ಬೇವಿನ ಮರದ ಬೆಂಚು. ಐದು ಜನ ಆರಾಮವಾಗಿ ಕೂರಬಹುದು. ಪರಸ್ಪರ ಪ್ರೀತಿಯಿದ್ದರೆ ಆರು ಜನ. ಈಗ ನನ್ನ ಒಂದು ಕಾಲು ಸವೆದು ಗಿಡ್ಡವಾಗಿದೆ. ಅದರ ಕೆಳಗೆ ಯಾರೋ ಪುಣ್ಯಾತ್ಮರು ಒಂದು ಚಪ್ಪಟೆ ಕಲ್ಲು ಇಟ್ಟಿದ್ದಾರೆ. ಯಾರೆಂದು ಗೊತ್ತಿಲ್ಲ, ಇಟ್ಟವರು ಹೇಳಿಕೊಳ್ಳಲಿಲ್ಲ.

ನಾನು ಹುಟ್ಟಿದ್ದು ಬಸರಿಹಾಳದಲ್ಲಿ. ಅದು ನೇಕಾರರ ಊರು. ಬೀದಿಯ ಯಾವ ತುದಿಯಲ್ಲಿ ನಿಂತರೂ ಮಗ್ಗದ ಸದ್ದು ಕೇಳುತ್ತದೆ. ನನ್ನನ್ನು ಮಾಡಿದವನು ಮಾನಪ್ಪ ಬಡಿಗೇರ. ಉಜ್ಜಿ ನುಣುಪು ಮಾಡಿದ ಮೇಲೆ ಅವನು ಹೆಂಡತಿಯ ಹಳೆಯ ಸೀರೆಯೊಂದನ್ನು ತರಿಸಿ, ನನ್ನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದು ನೋಡಿದ. ಎರಡು ಕಡೆ ಎಳೆ ಸಿಕ್ಕಿಕೊಂಡಿತು. ಮತ್ತೆ ಉಜ್ಜಿದ. ಮತ್ತೆ ಎಳೆದ.

"ಸಾಕು ಬಿಡ್ರಿ, ಬೆಂಚಿಗೆ ಇಷ್ಟು ಉಪಚಾರ ಯಾಕ?" ಎಂದಳು ಹೆಂಡತಿ.

"ನೇಯೋರ ಊರಿದು. ನನ್ನ ಬೆಂಚಿನಿಂದ ಯಾರದೂ ಸೀರಿ ಹರೀಬಾರದು" ಎಂದ ಅವನು.

ಒಂದು ಎಳೆಯೂ ಸಿಕ್ಕಿಕೊಳ್ಳದಂತಾದ ಮೇಲೆಯೇ ನನ್ನನ್ನು ಅಂಗಳಕ್ಕೆ ಇಳಿಸಿದ.

ಮೊದಲು ನಾನು ಹೋದದ್ದು ಊರ ಹೊರಗಿನ ಡೇರೆಯ ಟಾಕೀಸಿಗೆ. ಅಲ್ಲಿ ನನಗಿದ್ದ ಬೇಡಿಕೆ ಏನೆಂದು ಹೇಳಲಿ! ಹೆಂಗಸರು ಓಡಿ ಬಂದು ಸೆರಗು ಹಾಸಿ ಜಾಗ ಹಿಡಿಯುತ್ತಿದ್ದರು. ನನಗಾಗಿ ಜಗಳವಾಗುತ್ತಿತ್ತು, ಪರದೆಯ ಮೇಲೆ ಅಳು ಬಂದಾಗ ಜಗಳವಾಡಿದವರೇ ಒಬ್ಬರ ಹೆಗಲ ಮೇಲೊಬ್ಬರು ಅಳುತ್ತಿದ್ದರು. ಬೆಂಚಾಗಿ ಹುಟ್ಟಿದರೆ ಹೀಗೆ ಹುಟ್ಟಬೇಕು ಎಂದು ನಾನು ಬೀಗಿದ್ದೆ.

ಮನೆಮನೆಗೆ ಟೀವಿ ಬಂತು, ಡೇರೆ ಬಿಚ್ಚಿದರು. ಟಾಕೀಸಿನ ಮಾಲೀಕರು ನನ್ನನ್ನು ಊರಿನ ಸರ್ಕಾರಿ ಆಸ್ಪತ್ರೆಗೆ ಕೊಟ್ಟರು.

ಅಲ್ಲಿ ಆಗಷ್ಟೇ ಬಂದಿದ್ದವರು ಡಾಕ್ಟರ್ ಶ್ರೀಕಂಠ, ಮೈಸೂರು ಕಡೆಯವರು. ಮೆತ್ತನೆಯ ಮನಸ್ಸು. ನೂಲಿನ ಧೂಳು, ಗಾಳಿಯಾಡದ ಕೋಣೆ, ಇಕ್ಕಟ್ಟು ಮನೆ. ಆ ಊರಿನಲ್ಲಿ ಕ್ಷಯದ ಕಾಯಿಲೆ ಹೆಚ್ಚಿತ್ತು. ಕಾಯಿಲೆಯವರು ವಾರಕ್ಕೆ ಮೂರು ದಿನ ಬಂದು, ನರ್ಸ್ ಸುಮಿತ್ರಾ ಸಿಸ್ಟರ ಎದುರಿಗೇ ಗುಳಿಗೆ ನುಂಗಬೇಕಿತ್ತು. ಒಬ್ಬೊಬ್ಬರಿಗೂ ಹೆಸರು ಬರೆದ ಒಂದೊಂದು ಗುಳಿಗೆಯ ಡಬ್ಬಿ. ಸುಸ್ತಾದ ಜನ ಗೋಡೆಗೆ ಆತು ನಿಂತಿರುವುದನ್ನು ಡಾಕ್ಟರು ಕಂಡರು.

"ಪಾಪ, ಇವರಿಗೆ ಕೂರೋಕೆ ಒಂದು ಜಾಗ ಬೇಡ್ವಾ?" ಎಂದು ನನ್ನನ್ನು ಗೇಟಿನ ಪಕ್ಕ, ಒಳ್ಳೆಯ ಗಾಳಿ ಬೀಸುವಲ್ಲಿ ಹಾಕಿಸಿದರು. ಬೇರೆಯವರು ಆಕ್ರಮಿಸಿಕೊಳ್ಳಬಾರದೆಂದು ಪೇಂಟರನ್ನು ಕರೆಸಿ, ನನ್ನ ಒರಗುಹಲಗೆಯ ಹಿಂಬದಿಗೆ ಕೆಂಪು ಬಣ್ಣದಲ್ಲಿ ಗೇಣುದ್ದದ ಅಕ್ಷರ ಬರೆಸಿದರು: ಕ್ಷಯ ರೋಗಿಗಳಿಗೆ ಮಾತ್ರ. ದಾರಿಯಲ್ಲಿ ಹೋಗುವ ಯಾರಿಗಾದರೂ ಅದು ಕಾಣುತ್ತಿತ್ತು. ಡಾಕ್ಟರು ದೂರ ನಿಂತು ನೋಡಿ ಸಂತೋಷಪಟ್ಟರು.

ಮರುದಿನದಿಂದ ನನ್ನ ಮೇಲೆ ಯಾರೂ ಕೂರಲಿಲ್ಲ.

ಕೂತವರು ಒಬ್ಬರೇ, ಸೈಕಲ್ ರಿಪೇರಿಯ ಮಾಬುಸಾಬರು. ಅವರಿಗೆ ನಗು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. "ಬಸ್ಸಿನ್ಯಾಗ ನಿಂತು ನಿಂತು ಕಾಲು ಸೋತಿದ್ದುವು. ಇಲ್ಲಿ ನೋಡ್ರಿ, ನನ್ನ ಸಲುವಾಗಿ ಬೋರ್ಡ್ ಬರದು ಸೀಟ್ ಇಟ್ಟಾರ!" ಎಂದು ಕಾಲು ಚಾಚುತ್ತಿದ್ದರು. ಉಳಿದವರು ನಲ್ಲಿಯ ಹತ್ತಿರ ಮುಖ ತೊಳೆಯುವ ಹಾಗೆ, ಯಾರನ್ನೋ ಕಾಯುವ ಹಾಗೆ ನಿಂತಿರುತ್ತಿದ್ದರು. ಟಾಕೀಸಿನಲ್ಲಿ ನನಗಾಗಿ ಹೊಡೆದಾಡಿದ್ದ ಹೆಂಗಸರೇ ಈಗ ನನ್ನಿಂದ ಮಾರು ದೂರ. ನನ್ನಲ್ಲಿ ಏನು ತಪ್ಪು ಹುಡುಕಿದರೋ ಎಂದು ನಾನು ಕೊರಗಿದೆ. ಬೆನ್ನ ಮೇಲಿನ ಬರಹ ನನಗೆ ಕಾಣುವುದಿಲ್ಲವಲ್ಲ.

ನಲ್ಲಿಯ ಹತ್ತಿರ ನಿಲ್ಲುವವರಲ್ಲಿ ನೀಲಗಂಗಾ ಒಬ್ಬಳು. ಇಪ್ಪತ್ತಾರು ವರ್ಷದ ಹೆಂಗಸು, ರವಿಕೆಯ ಖಣ ನೇಯುವವಳು. ಗಂಡ ತೀರಿಕೊಂಡ ಮೇಲೆ ತವರಿನಲ್ಲಿದ್ದು, ಅವ್ವನನ್ನೂ ತಂಗಿ ಕಸ್ತೂರಿಯನ್ನೂ ಸಾಕುತ್ತಿದ್ದಳು. ಒಂದು ದಿನ ಗುಳಿಗೆ ನುಂಗಿ, ಸುಮಿತ್ರಾ ಸಿಸ್ಟರ ಕಿವಿಯಲ್ಲಿ ಹೇಳಿದಳು: "ನಮ್ಮ ಕಸ್ತೂರಿದು ನಂಟಸ್ತನ ಗಟ್ಟಿ ಆತ್ರಿ ಸಿಸ್ಟರ್. ಹುಡುಗ ಬಾಳ ಚಲೋ ಅದಾನ್ರಿ." ಹೇಳುವಾಗ ಮುಖ ಅರಳಿತ್ತು. ಆಮೇಲೆ ಸಣ್ಣ ದನಿಯಲ್ಲಿ, "ನನಗ ಈ ಬ್ಯಾನಿ ಐತಿ ಅಂತ ಅವರಿಗೆ ತಿಳದ್ರ ಮುಗೀತು" ಎಂದಳು.

ಅದೇ ವಾರ ಆಸ್ಪತ್ರೆಯ ಎದುರಿಗೆ, ಬಸ್ಸು ಕಾಯುವವರು ನಿಲ್ಲುವಲ್ಲಿ, ಒಂದು ಹೂವಿನಂಗಡಿ ಬಂತು. ದೊಡ್ಡ ಛತ್ರಿ ನೆಟ್ಟು, ಬುಟ್ಟಿ ಮುಂದಿಟ್ಟುಕೊಂಡು ಕೂತವಳು ಚಂದ್ರವ್ವ. ಆಕೆ ಬೇರೆ ಯಾರೂ ಅಲ್ಲ, ಕಸ್ತೂರಿಯನ್ನು ಒಪ್ಪಿದ ಹುಡುಗನ ಸೋದರತ್ತೆ.

ಸೋಮವಾರ ನೀಲಗಂಗಾ ಗೇಟಿನ ತನಕ ಬಂದಳು, ಚಂದ್ರವ್ವನನ್ನು ಕಂಡಳು, ತಿರುಗಿ ಹೋದಳು. ಬುಧವಾರವೂ ಹಾಗೆಯೇ. ಶುಕ್ರವಾರ ಬರಲೇ ಇಲ್ಲ. ಅವಳ ಹೆಸರಿನ ಡಬ್ಬಿ ಕಪಾಟಿನಲ್ಲಿ ಉಳಿಯಿತು. ಗುಳಿಗೆ ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮೊದಲಿಗಿಂತ ಗಟ್ಟಿಯಾಗಿ ಮರಳುತ್ತದೆ. ಅದು ಸಿಸ್ಟರಿಗೂ ಗೊತ್ತು, ನೀಲಗಂಗಾಳಿಗೂ ಗೊತ್ತು.

ಸಿಸ್ಟರು ಅವಳ ಮನೆಗೆ ಹೋದರು. ಬಿಳಿ ಸೀರೆ ದೂರದಿಂದಲೇ ಕಂಡು, "ಅಕಿ ಮನ್ಯಾಗಿಲ್ಲರಿ" ಎಂದು ಅವ್ವ ಬಾಗಿಲು ಮುಚ್ಚಿದಳು. ಒಳಗೆ ಮಗ್ಗದ ಸದ್ದಿನ ನಡುವೆ ಕೆಮ್ಮು ಕೇಳುತ್ತಿತ್ತಂತೆ.

ಡಾಕ್ಟರು ಆಟೋದಲ್ಲಿ ಮೈಕು ಕಟ್ಟಿಸಿ ಊರೆಲ್ಲ ಸಾರಿಸಿದರು, ಗೋಡೆಗೋಡೆಗೆ ಚಿತ್ರ ಅಂಟಿಸಿದರು. ಇನ್ನೂ ಇಬ್ಬರು ಬರುವುದನ್ನು ಬಿಟ್ಟರು.

ಆಗ ಸಿಸ್ಟರು ಒಂದು ಕೆಲಸ ಮಾಡಿದರು. ರಜೆ ಹಾಕಿ, ಮನೆಯ ಸೀರೆ ಉಟ್ಟು, ಬೆಳಗ್ಗೆ ಹತ್ತಕ್ಕೆ ಬಂದು ನನ್ನ ಮೇಲೆ ಕೂತರು. ಸುಮ್ಮನೆ. ಕೂತರೆ ಹೇಗನಿಸುತ್ತದೆ ಎಂದು ನೋಡುವುದಕ್ಕೆ.

ಐದು ನಿಮಿಷವಾಗಿರಲಿಲ್ಲ. ಹಾಲಿನ ಕ್ಯಾನಿನವನು ಸೈಕಲ್ ನಿಲ್ಲಿಸಿ, "ಏನ್ರಿ ಸಿಸ್ಟರ್, ನಿಮಗೂ ಹತ್ತೇತೇನ್ರಿ?" ಎಂದ. ಅಂಗನವಾಡಿಯ ಕಡೆ ಹೊರಟಿದ್ದ ಹೆಂಗಸೊಬ್ಬಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ದಾಟಿದಳು. ಸಿಸ್ಟರ ಬೆನ್ನು ಬೆವರಿತು. ಅವರು ಗಟ್ಟಿ ಹೆಂಗಸು, ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವರು. ಅವರೂ ಅರ್ಧ ಗಂಟೆಯಲ್ಲಿ ಮೂರು ಸಲ ಏಳಲು ನೋಡಿದರು.

ಆಗಲೇ ಹಿಂದೆ ತಿರುಗಿದ ಅವರ ಕಣ್ಣು ದಾರಿಯಾಚೆಯ ಛತ್ರಿಯ ಮೇಲೆ ಬಿತ್ತು. ಸೂರ್ಯ ಚಂದ್ರವ್ವನ ಬೆನ್ನ ಹಿಂದಿದ್ದ. ಛತ್ರಿ ಮಾತ್ರ ಮುಂದಕ್ಕೆ, ಆಸ್ಪತ್ರೆಯ ಕಡೆಗೆ ವಾಲಿತ್ತು. ಆಕೆಯ ತಲೆಯೆಲ್ಲ ಬಿಸಿಲು. ಬಸ್ಸು ಕಾಯುವವರು ಅದನ್ನು ನೋಡಿ ನಗುತ್ತಿದ್ದರು.

ಸಿಸ್ಟರು ದಾರಿ ದಾಟಿದರು. ದಾರಿ ಅಗಲವೇನಿಲ್ಲ, ಮಾತು ನನಗೆ ಕೇಳುತ್ತಿತ್ತು.

"ಚಂದ್ರವ್ವಾರ, ಬಿಸಲು ಆ ಕಡೆ, ಛತ್ರಿ ಈ ಕಡೆ. ಇದೇನಿದು?"

"ಬಿಸಲು ನನಗೇನ ಹೊಸಾದಲ್ಲರಿ" ಎಂದಳು ಚಂದ್ರವ್ವ ಹೂ ಕಟ್ಟುತ್ತಲೇ. "ಒಂದು ಹುಡುಗಿ ಗೇಟಿನ ತನಕ ಬಂದು ತಿರಗಿ ಹೋತು. ಎರಡು ಸಲ. ಯಾರು ಅಂತ ಕೇಳಬ್ಯಾಡ್ರಿ, ನಾ ಹೇಳಾಕಿ ಅಲ್ಲ. ಬಸ್ಸಿನ ಮಂದಿ ಕಣ್ಣಿಗಾದ್ರೂ ಅಡ್ಡ ಆಗಲಿ ಅಂತ ಸೋಮವಾರ, ಬುಧವಾರ, ಶುಕ್ರವಾರ ಹಿಂಗ ಹಿಡಿತೀನಿ. ಆದ್ರೂ ಬರವಲ್ಲದು." ಮೊಳ ಅಳೆದು ಮತ್ತೆ ಹೇಳಿದಳು: "ಗುಳಿಗಿ ಯಾರಿಗೂ ಬ್ಯಾಡಾಗಿಲ್ಲರಿ ಸಿಸ್ಟರ್. ನಿಮ್ಮ ಬೆಂಚ್ ಬ್ಯಾಡಾಗೇತಿ."

ಸಿಸ್ಟರು ನೆಟ್ಟಗೆ ಡಾಕ್ಟರ ಕೋಣೆಗೆ ಹೋದರು. ಹೊರಗೆ ಬಂದಾಗ ಇಬ್ಬರೂ ನನ್ನ ಹಿಂದೆ ನಿಂತರು.

"ಸರ್, ಅವರಿಗೆ ತಿಳಿವಳಿಕಿ ಕಡಿಮಿ ಇಲ್ಲರಿ. ಮೈಕಿನ್ಯಾಗ ಹೇಳಿದ್ದು ನೀಲಗಂಗಾಗ ಬಾಯಿಪಾಠ ಐತಿ. ಆದ್ರ ಇದನ್ನ ಬೆನ್ನಿಗೆ ಕಟಗೊಂಡು ನಡು ಊರಾಗ ಕುಂಡ್ರು ಅಂದ್ರ ಹೆಂಗ ಕುಂಡ್ರತಾಳ?"

ಡಾಕ್ಟರು ಆ ಅಕ್ಷರಗಳನ್ನು ಮತ್ತೊಮ್ಮೆ ಓದಿದರು. "ಒಳ್ಳೇದು ಮಾಡ್ತಿದೀನಿ ಅನ್ಕೊಂಡು ಅವರ ಬೆನ್ನಿಗೇ ಬೋರ್ಡು ಹಾಕಿಬಿಟ್ನಲ್ಲ ಸಿಸ್ಟರ್" ಎಂದರು. ಪೇಂಟರನ್ನು ಕಾಯಲಿಲ್ಲ. ಆಸ್ಪತ್ರೆಯ ಕಿಟಕಿಗೆ ಹೊಡೆದು ಉಳಿದಿದ್ದ ನೀಲಿ ಬಣ್ಣ ತಂದು ತಾವೇ ಬಳಿದರು. ಅರ್ಧ ಬಣ್ಣ ಅವರ ಪ್ಯಾಂಟಿಗಾಯಿತು. ನನಗೆ ಯಾರೋ ಬಿಸಿನೀರಿನಲ್ಲಿ ಬೆನ್ನು ತಿಕ್ಕಿದಷ್ಟು ಹಿತವಾಯಿತು.

ನನ್ನನ್ನು ಹಿತ್ತಿಲ ಬೇವಿನ ಮರದಡಿಗೆ ಸಾಗಿಸಿದರು. ಬೀದಿಗೆ ಕಾಣದ, ಗಾಳಿ ಸುಳಿದಾಡುವ ಜಾಗ. ಬೀಪಿ ಗುಳಿಗೆಯವರು, ಸಕ್ಕರೆ ಕಾಯಿಲೆಯವರು, ಕ್ಷಯದವರು, ಎಲ್ಲರಿಗೂ ಗುಳಿಗೆ ಇಲ್ಲೇ ಎಂದಾಯಿತು. ಕೆಮ್ಮು ಇನ್ನೂ ಜೋರಿದ್ದವರು ಬಾಯಿಗೆ ಬಟ್ಟೆ ಕಟ್ಟಿ, ಗಾಳಿ ಆಚೆ ಬೀಸುವ ತುದಿಯಲ್ಲಿ ಕೂರುತ್ತಿದ್ದರು. ಯಾರು ಯಾವ ಗುಳಿಗೆ ನುಂಗುತ್ತಾರೆಂದು ಯಾರೂ ಕೇಳುವಂತಿರಲಿಲ್ಲ. ಮಗ್ಗಕ್ಕೆ ಕೂರುವ ಮೊದಲೇ ಬಂದು ಹೋಗಲೆಂದು ಹೊತ್ತನ್ನೂ ಹತ್ತರಿಂದ ಏಳೂವರೆಗೆ ತಂದರು. ಅದು ಮಾಬುಸಾಬರ ಸಲಹೆ.

ಸುಮಿತ್ರಾ ಸಿಸ್ಟರು ಈ ಸಲ ಹೂವಿನ ಸೀರೆ ಉಟ್ಟು, ಖಣ ಕೊಳ್ಳುವ ನೆಪದಲ್ಲಿ ನೀಲಗಂಗಾಳ ಮನೆಗೆ ಹೋದರು. ಮೂರು ಸಲ ಹೋಗಿ ಮೂರು ಖಣ ತಂದರು. ಅಷ್ಟು ರವಿಕೆ ಅವರಿಗೆ ಬೇಕಾಗಿರಲಿಲ್ಲ. ಮೂರನೆಯ ಖಣದ ಹೊತ್ತಿಗೆ ನೀಲಗಂಗಾ "ಹಿತ್ತಲದಾಗ ಅಂದ್ರ ಬರತೀನ್ರಿ" ಎಂದಳು.

ಬಂದಳು. ಬೇವಿನ ಮರ ಬಳಸಿ ಬಂದವಳು ಅಲ್ಲೇ ಕಲ್ಲಾಗಿ ನಿಂತಳು. ನನ್ನ ಮೇಲೆ ಮಾಬುಸಾಬರ ಪಕ್ಕದಲ್ಲಿ ಚಂದ್ರವ್ವ ಕೂತಿದ್ದಳು.

"ಬಾರವಾ, ಕುಂಡ್ರ" ಎಂದಳು ಚಂದ್ರವ್ವ.

"ನಾ... ಹಲ್ಲು ಬ್ಯಾನಿಗೆ ಬಂದಿದ್ದೆರಿ, ಅತ್ತಿ."

"ಹಲ್ಲಿನ ಡಾಕ್ಟರ್ ಈ ದವಾಖಾನಿಗೆ ನಮ್ಮಪ್ಪನ ಕಾಲದಿಂದ ಬಂದಿಲ್ಲ ಬೇಟಿ" ಎಂದು ಮಾಬುಸಾಬರು ಬಾಯಿ ತೆರೆದು ತಮ್ಮ ನಾಲ್ಕು ಹಲ್ಲು ತೋರಿಸಿದರು. "ಬಂದಿದ್ರ ನಾ ಹಿಂಗಿರತಿದ್ನೇನು?"

ಚಂದ್ರವ್ವ ನಕ್ಕು, ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ನಾ ಬೀಪಿ ಗುಳಿಗಿಗೆ ಬಂದೀನಿ. ಹದಿನೆಂಟು ವರ್ಷದ ಹಿಂದ ಬ್ಯಾರೆ ಗುಳಿಗಿ ನುಂಗತಿದ್ದೆ. ಈ ಊರಾಗ ಯಾರೂ ನೋಡಬಾರದಂತ ಮೂರು ತಾಸು ಬಸ್ಸಿನ್ಯಾಗ ಕುಂತು ಪರ ಊರಿಗೆ ಹೋಗತಿದ್ದೆ. ನಮ್ಮಣ್ಣ ಬಸ್ಸಿಗೆ ಕಳಸಾಕ ಬರತಿದ್ದ. ಆ ಅಣ್ಣನ ಮಗಗ ನಿನ್ನ ತಂಗೀನ ತರಾಕತ್ತೇವಿ. ಈ ಬ್ಯಾನಿ ಏನಂತ ಅಣ್ಣನೂ ಬಲ್ಲ, ನಾನೂ ಬಲ್ಲೆ. ಇನ್ನ ಯಾರ ಅಂಜಿಕಿ ನಿನಗ?"

ನೀಲಗಂಗಾ ಕೂತಳು. ಕೂತಳು ಅನ್ನುವುದಕ್ಕಿಂತ ಕುಸಿದಳು. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬೆಂಚಿಗೆ ಅಷ್ಟೇ ಸಾಧ್ಯ. ಚಂದ್ರವ್ವ ಬುಟ್ಟಿಯಿಂದ ಒಂದು ತುಂಡು ಮಲ್ಲಿಗೆ ತೆಗೆದು ಅವಳ ಮಡಿಲಲ್ಲಿಟ್ಟಳು.

"ನನಗ?" ಎಂದರು ಮಾಬುಸಾಬರು.

"ನಿಮಗ ಎಲ್ಲಿ ಮುಡಸಲ್ರಿ, ಬೋಳ ತಲಿಗೆ?"

ಅಳುತ್ತಿದ್ದ ನೀಲಗಂಗಾ ನಕ್ಕುಬಿಟ್ಟಳು.

ಡಾಕ್ಟರು ಮತ್ತೆ ಕಫ ಪರೀಕ್ಷೆ ಮಾಡಿಸಿ, ಮೊದಲಿನಿಂದ ಶುರು ಮಾಡಬೇಕೆಂದರು. ಮತ್ತೆ ತಿಂಗಳುಗಟ್ಟಲೆ ಎಂದರೆ ಎದೆ ಒಡೆಯುತ್ತದೆ. ಸಿಸ್ಟರು ಉಪಾಯ ಹೇಳಿದರು: "ತಂಗಿ ಮದಿವಿಗೆ ನೀ ಉಡೂ ಸೀರಿ ತಾ. ಬಂದ ದಿನಕ್ಕೊಂದು ಕುಚ್ಚು ಕಟ್ಟು." ಗುಳಿಗೆ ನುಂಗಿ, ನನ್ನ ಮೇಲೆ ಕೂತು, ಸೆರಗಿನಂಚಿಗೆ ಒಂದು ಕುಚ್ಚು. ಒಂದೇ ಒಂದು. ಎಷ್ಟು ದಾರಿ ಬಂದೆ ಎಂಬುದು ಅವಳ ಕೈಯಲ್ಲೇ ಕಾಣುತ್ತಿತ್ತು. ಅದನ್ನು ನೋಡಿ ಮಾಬುಸಾಬರೂ ಹಠಕ್ಕೆ ಬಿದ್ದರು. ಕುಚ್ಚು ಬಾರದ್ದರಿಂದ ನನ್ನ ಕಾಲಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ನನಗೆ ಕಚಗುಳಿ.

ಆ ನಡುವೆ ಡಾಕ್ಟರು ಧಾರವಾಡಕ್ಕೆ ತರಬೇತಿಗೆ ಹೋಗಿ ಬಂದರು. "ಸಿಸ್ಟರ್, ಜನ ಯಾಕೆ ಹಾಗೆ ನಡ್ಕೋತಾರೆ ಅಂತ ತಿಳಿಯೋಕೆ ಒಂದು ಶಾಸ್ತ್ರವೇ ಇದೆಯಂತೆ! ಆಸ್ಪತ್ರೆಗೆ ಜನ ಬರದಿದ್ರೆ ಜನರನ್ನ ಬೈಬೇಡಿ, ಅವರು ಬರೋ ದಾರೀಲಿ ನಡೆದು ನೋಡಿ ಅಂದ್ರು. ಎರಡು ದಿನದ ಪಾಠ."

"ನಮಗ ಹೂವಿನಂಗಡ್ಯಾಗ ಎರಡು ನಿಮಿಷದಾಗ ಆತಲ್ರಿ ಸರ್" ಎಂದರು ಸಿಸ್ಟರು. ಡಾಕ್ಟರು ನಗುತ್ತಾ ಹೋಗಿ ಔಷಧಿ ಕೊಡುವ ಕಿಟಕಿಯ ಮುಂದೆ ತಾವೇ ಸರದಿಯಲ್ಲಿ ನಿಂತರು. ಕಿಟಕಿ ಮುದುಕಿಯರಿಗೆ ಎಟುಕದಷ್ಟು ಎತ್ತರವಿದೆ ಎಂದು ಅಂದು ಗೊತ್ತಾಗಿ, ಮುಂದೆ ಒಂದು ಮೆಟ್ಟಿಲು ಕಟ್ಟಿಸಿದರು.

ಕೊನೆಯ ಗುಳಿಗೆಯ ದಿನ ನೀಲಗಂಗಾ ಕೊನೆಯ ಕುಚ್ಚು ಕಟ್ಟಿದಳು. ಕಫದಲ್ಲಿ ಏನೂ ಇರಲಿಲ್ಲ. ಸಿಸ್ಟರು ಅವಳ ಖಾಲಿ ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿ ತೋರಿಸಿದರು. ಕಸ್ತೂರಿಯ ಮದುವೆಯ ಮರುದಿನ ಚಂದ್ರವ್ವ ಪಾತ್ರೆ ತುಂಬ ಗೋದಿ ಹುಗ್ಗಿ ತಂದಳು. ಅಂದು ನನ್ನ ಮೇಲೆ ಏಳು ಜನ ಕೂತರು. ಟಾಕೀಸಿನ ಕಾಲದಲ್ಲೂ ಏಳು ಜನ ಕೂತದ್ದಿಲ್ಲ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಡಾಕ್ಟರಿಗೆ ವರ್ಗವಾಯಿತು, ಸಿಸ್ಟರು ನಿವೃತ್ತರಾದರು, ಮಾಬುಸಾಬರು ತೀರಿಕೊಂಡರು. ಅವರ ಗೆರೆಗಳಲ್ಲಿ ಎರಡು ಮಳೆ ತಾಕದೆ ಇನ್ನೂ ಉಳಿದಿವೆ. ಒಳಗೆ ಸ್ಟೀಲಿನ ಕುರ್ಚಿಗಳು ಬಂದಿವೆ. ಈಗ ಗುಳಿಗೆಯನ್ನು ಮನೆಗೇ ಕೊಟ್ಟು ಕಳಿಸುತ್ತಾರೆ. ನಾನು ಮಾತ್ರ ಬೇವಿನಡಿಯಲ್ಲೇ ಇದ್ದೇನೆ. ನೀಲಿ ಬಣ್ಣ ಉದುರಿ, ಬೆನ್ನ ಮೇಲೆ ಆ ಕೆಂಪಕ್ಷರಗಳು ಮತ್ತೆ ಇಣುಕುತ್ತಿವೆಯಂತೆ.

ಮೊನ್ನೆ ಸೋಮವಾರ ಹೊಸದಾಗಿ ಕಾಯಿಲೆ ಗೊತ್ತಾದ ಒಬ್ಬ ಹುಡುಗಿ ಬಂದಳು. ಹಿಂದಿನಿಂದ ಬಂದವಳು ಅಕ್ಷರ ಓದಿ ಗಕ್ಕನೆ ನಿಂತಳು. ಅವಳನ್ನು ಕರೆತಂದವಳು ನೀಲಗಂಗಾ. ಕೂದಲು ನರೆತಿದೆ, ಉಸಿರು ಹಗುರವಾಗಿದೆ. ಇಂಥವರ ಜೊತೆಗೆ ಬರುವುದು ಅವಳಿಗೆ ಈಗ ರೂಢಿ. ಅವಳು ಮುಂದೆ ಬಂದು ಕೂತು, ಸೆರಗನ್ನು ನನ್ನ ಬೆನ್ನಿನ ಆಚೆಗೆ ಇಳಿಬಿಟ್ಟಳು. ಅದೇ ಹಳೆಯ ಸೀರೆ. ಕುಚ್ಚುಗಳೆಲ್ಲ ಸಾಲಾಗಿ ಇಳಿದು ಅಕ್ಷರಗಳನ್ನು ಮುಚ್ಚಿದವು.

"ಬಾರವಾ, ಕುಂಡ್ರ" ಎಂದಳು.

ಹುಡುಗಿ ಕೂತಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಏಳುವಾಗ ನೀಲಗಂಗಾ ಸೆರಗನ್ನು ಮೆಲ್ಲನೆ ಎಳೆದುಕೊಂಡಳು. ಇಷ್ಟು ಬಿಸಿಲು, ಮಳೆ, ವಯಸ್ಸಾದ ಮೇಲೆ ಮೈ ಒರಟಾಗಿದೆಯೇನೋ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಮಾನಪ್ಪ ಇದ್ದಿದ್ದರೆ ಹಿಗ್ಗುತ್ತಿದ್ದ.

ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ.