ಎಡಗಡೆಯ ಹೆಜ್ಜೆ

"ಈಗ ಹೇಗೆ ಕೂತಿದೀನಿ, ಹೇಳು," ಅಂತ ಮೇಷ್ಟ್ರು ಕುದುರೆಯ ಮೇಲಿನಿಂದ ಕೇಳಿದರು.

ಮರಳು ಹಾಸಿದ ದುಂಡನೆಯ ಅಂಗಳದ ನಡುವೆ, ಕುದುರೆಗೆ ಕಟ್ಟಿದ ಉದ್ದ ಹಗ್ಗ ಹಿಡಿದು ನಿಂತಿದ್ದ ಗೆಸೀನ ಅಪ್ಪನನ್ನು ನೋಡಿದಳು. ಎಡಭುಜ ಇಳಿದಿತ್ತು. ಎಡಪಕ್ಕೆ ಮಡಚಿಕೊಂಡು, ಇಡೀ ಮೈ ಒಂದೇ ಕಡೆ ಹುಲ್ಲು ಹೇರಿದ ಗಾಡಿಯ ಹಾಗೆ ಎಡಕ್ಕೆ ವಾಲಿತ್ತು. ಅವರು ಬೀಳದೆ ಇದ್ದದ್ದು ಡೋಲೆಯಿಂದ. ಆ ಮುದಿ ಹೆಣ್ಣುಕುದುರೆ ಹೆಜ್ಜೆ ಹೆಜ್ಜೆಗೂ ಎಡಕ್ಕೆ ಸರಿದು, ಜಾರುತ್ತಿದ್ದ ಭಾರದ ಕೆಳಗೆ ತನ್ನ ಬೆನ್ನನ್ನು ಮತ್ತೆ ಮತ್ತೆ ತಂದು ಇಡುತ್ತಿತ್ತು.

"ನೆಟ್ಟಗಿದೀಯಪ್ಪ," ಅಂದಳು ಗೆಸೀನ.

"ಗೊತ್ತಿತ್ತು ನಂಗೆ. ಕಾಲಿಡೋ ರಿಕಾಪು ಇಲ್ದೆ ಕೂತ್ರೂ ಒಂಚೂರೂ ಅಲ್ಲಾಡಿಲ್ಲ ನೋಡು!"

ಹಿನ್ರಿಕ್ ಬೋಲ್ಮನ್ ಅವರನ್ನು ನಮ್ಮ ಹೊಳೆಯ ಬಯಲಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಮೇಷ್ಟ್ರು ಅಂದರೆ ಅವರೇ. ಕುದುರೆಗೆ ಹೆಜ್ಜೆ ಕಲಿಸುವ ಡ್ರೆಸ್ಸಾಜ್ ವಿದ್ಯೆಯಲ್ಲಿ ಅವರ ಕೈಕೆಳಗೆ ಪಳಗದವರು ಈ ಕಡೆ ಕಡಿಮೆ. ಕುದುರೆಯ ತಂಟೆಗೆ ಅವರು ಹೋಗುತ್ತಿರಲಿಲ್ಲ, ಸವಾರನನ್ನೇ ತಿದ್ದುತ್ತಿದ್ದರು. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಇರಬೇಕು, ಕೂರುವ ಎರಡು ಮೂಳೆಗಳ ಮೇಲೂ ಸಮಭಾರ ಬೀಳಬೇಕು. ಕುದುರೆ ಸೊಟ್ಟ ಹೋಗುತ್ತದೆ ಅಂತ ಯಾರಾದರೂ ಬಾಯಿ ಬಿಟ್ಟರೆ ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಮಂಗಳಾರತಿ ಮಾಡಿ, ಲಗಾಮು ರಿಕಾಪು ಎರಡನ್ನೂ ಕಿತ್ತುಕೊಂಡು, ಹಗ್ಗದ ತುದಿಯಲ್ಲಿ ಗಾಣದೆತ್ತಿನಂತೆ ಸುತ್ತಿಸುತ್ತಿದ್ದರು. ಪದಕ ಗೆದ್ದವರೂ ವರ್ಷಕ್ಕೊಮ್ಮೆ ಆ ಹಗ್ಗಕ್ಕೆ ಬಂದೇ ಬರಬೇಕಿತ್ತು. ಅತ್ತವರಿದ್ದಾರೆ, ಆದರೆ ಬಿಟ್ಟು ಹೋದವರಿಲ್ಲ.

ಈಗ ಹಗ್ಗದ ತುದಿಯಲ್ಲಿ ಅವರೇ ಇದ್ದರು. ವಸಂತದಲ್ಲಿ ಲಕ್ವ ಹೊಡೆದಿತ್ತು. ಮಾತು ಮರಳಿತು, ಕಾಲು ಕೋಲಿನ ಮಟ್ಟಿಗೆ ಮರಳಿತು. ಮರಳದೆ ಹೋದದ್ದು ಒಂದೇ: ನೆಟ್ಟಗೆ ಅಂದರೆ ಎಲ್ಲಿ ಅನ್ನುವುದು. ವಾಲಿ ಕೂತಾಗ ಅವರ ಮೈ ಅವರಿಗೆ ನೆಟ್ಟಗಿದ್ದೀಯ ಅನ್ನುತ್ತಿತ್ತು. ಆಸ್ಪತ್ರೆಯವರು ಇದನ್ನು ಗೆಸೀನಳಿಗೆ ಬಿಡಿಸಿ ಹೇಳಿದ್ದರು. ಮೇಷ್ಟ್ರಿಗೂ ಹೇಳಿದ್ದರು. "ಆ ಹುಡುಗ ಕುದುರೆ ಹತ್ತಿದಾನಾ?" ಅಂತ ಡಾಕ್ಟರನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರು ಅವರು.

ಮತ್ತೆ ಕುದುರೆ ಹತ್ತಿದ ಮೊದಲ ದಿನ ಅವರು ನಗುತ್ತಾ ಹೇಗಿದೀನಿ ಅಂತ ಕೇಳಿದಾಗ ನಿಜ ಹೇಳಲು ಗೆಸೀನಳಿಗೆ ಬಾಯಿ ಬರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನ ಮುಖದಲ್ಲಿ ಅವಳು ಕಂಡ ಮೊದಲ ನಗು ಅದು. ಸ್ವಲ್ಪ ದಿನ ಹೋಗಲಿ, ಮೈ ತಾನೇ ಕಲಿಯುತ್ತದೆ ಅಂದುಕೊಂಡಳು. ಮೈ ಕಲಿಯಲಿಲ್ಲ. ಒಳಾಂಗಣದ ಗೋಡೆಯ ತುಂಬ ಕನ್ನಡಿ ಇತ್ತಾದ್ದರಿಂದ ಅಲ್ಲಿ ಮಕ್ಕಳ ಪಾಠ ಇದೆ, ಮತ್ತೊಂದಿದೆ ಅಂತ ನೆಪ ಹೇಳಿ ಅವರನ್ನು ಹೊರಗಿನ ಅಂಗಳಕ್ಕೇ ಕರೆತರುತ್ತಿದ್ದಳು. ಒಂದು ಸುಳ್ಳಿಗೆ ಹತ್ತು ಸುಳ್ಳು ಜೊತೆಯಾದವು.

ಸವಾರಿ ಸಂಘದ ಅಧ್ಯಕ್ಷೆ ಆಲ್ಮೂಟ್ ಅವತ್ತು ಪ್ಲಮ್ ಹಣ್ಣಿನ ಕೇಕು ಹಿಡಿದು ಬಂದಳು. ಬೇಲಿಯ ಮೇಲೆ ಮೊಣಕೈ ಊರಿ, "ಮೋಯಿನ್, ನಮಸ್ಕಾರ ಮೇಷ್ಟ್ರೇ! ಶರತ್ಕಾಲದ ಪಂದ್ಯಕ್ಕೆ ಹ್ಯಾಟು ಒರೆಸಿಟ್ಟಿದೀರಾ?" ಅಂದಳು.

"ನಿನ್ನ ಕೇಕಿನ ಮೇಲಿರೋ ಧೂಳು ಒರೆಸ್ಕೋ ಮೊದ್ಲು."

"ಅದು ಸಕ್ಕರೆ ಪುಡಿ!"

"ಹಾಗಾದ್ರೆ ಹಾಕು ಒಂದು ತುಂಡು. ಸಕ್ಕರೆ ತಂದವಳ ಮಾತು ಕೇಳ್ಬೇಕು."

ನಮ್ಮ ಸಂಘದಲ್ಲಿ ಪಂದ್ಯ ಶುರುವಾಗುವುದು ಒಂದೇ ರೀತಿ. ಎಲ್ಲರಿಗಿಂತ ಹಿರಿಯ ಮೇಷ್ಟ್ರು ಒಬ್ಬರೇ ಖಾಲಿ ಅಂಗಣಕ್ಕೆ ಸವಾರಿ ಮಾಡಿಕೊಂಡು ಬರುತ್ತಾರೆ, ನಡುಗೆರೆಯ ಮೇಲೆ ನೆಟ್ಟಗೆ ಹೋಗಿ ನಿಲ್ಲುತ್ತಾರೆ, ಹ್ಯಾಟು ತೆಗೆದು ವಂದಿಸುತ್ತಾರೆ. ಅಷ್ಟೇ. ಆಮೇಲೆ ಉಳಿದವರು. ಗೆಸೀನ ಹುಟ್ಟುವ ಮುಂಚಿನಿಂದ ಆ ವಂದನೆ ಬೋಲ್ಮನ್ ಮೇಷ್ಟ್ರದ್ದು. ಈ ಸಲವೂ ಬರುತ್ತೇನೆ ಅಂತ ಅವರು ಆಸ್ಪತ್ರೆಯ ಹಾಸಿಗೆಯಿಂದಲೇ ಹೇಳಿ ಕಳಿಸಿದ್ದರು. ಆ ಒಂದು ಗೆರೆಗೋಸ್ಕರ ಅವರು ಎದ್ದು ನಡೆದದ್ದು ಅಂದರೂ ಸುಳ್ಳಲ್ಲ.

ಆಲ್ಮೂಟ್ ಹೋಗುವಾಗ ಗೆಸೀನಳನ್ನು ಪಕ್ಕಕ್ಕೆ ಕರೆದಳು. "ಜನ ನೋಡ್ತಾರೆ ಕಣೇ. ಪಾಪ ಅಂತಾರೆ. ಅವ್ರನ್ನ ಯಾರೂ ಇಲ್ಲೀತನ್ಕ ಪಾಪ ಅಂದಿಲ್ಲ."

"ಗೊತ್ತು."

"ಹೇಳ್ತೀಯಾ?"

"ನೀನು ಹೇಳು ನೋಡೋಣ."

ಆಲ್ಮೂಟ್ ಕೇಕಿನ ತಟ್ಟೆಯನ್ನು ನೋಡಿಕೊಂಡು ಹೊರಟುಹೋದಳು.

ಜನ ಏನಾದರೂ ಅಂದುಕೊಳ್ಳಲಿ, ಗೆಸೀನಳನ್ನು ತಿನ್ನುತ್ತಿದ್ದದ್ದು ಬೇರೆ. ಸಂಜೆ ಲಾಯದಲ್ಲಿ ಡೋಲೆಯ ಎಡಮುಂಗಾಲನ್ನು ಕೈಯಲ್ಲಿ ಸವರಿದರೆ ಬಿಸಿ ತಾಗುತ್ತಿತ್ತು. ಬೆನ್ನಿನ ಎಡಗಡೆ ಬೆರಳು ಒತ್ತಿದರೆ ಕುದುರೆ ಚರ್ಮ ನಡುಗಿಸಿ ಕಿವಿ ಹಿಂದಕ್ಕೆ ಮಾಡುತ್ತಿತ್ತು. ಅಪ್ಪ ಊಟಕ್ಕೆ ಹೋದ ಮೇಲೆ ಅವಳು ಆ ಕಾಲಿಗೆ ತಣ್ಣೀರು ಬಿಡುತ್ತಾ ಕೂರುತ್ತಿದ್ದಳು. ಡೋಲೆ ಹುಟ್ಟಿದ ದಿನದಿಂದ ಅದಕ್ಕೆ ಕೈಯಾರೆ ಉಣಿಸಿ ಬೆಳೆಸಿದವಳು ಅವಳೇ. ಅಪ್ಪನನ್ನು ಉಳಿಸಿದರೆ ಕುದುರೆ ಹೋಗುತ್ತದೆ, ಕುದುರೆಯನ್ನು ಉಳಿಸಿದರೆ ಅಪ್ಪನಿಗೆ ಉಳಿಯುವುದೇನು? ನುಂಗಲೂ ಆಗದ ಉಗುಳಲೂ ಆಗದ ತುತ್ತು ಅದು. ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಪಂದ್ಯಕ್ಕೆ ಇನ್ನು ಕೆಲವೇ ವಾರ ಇರುವಾಗ ಮೇಷ್ಟ್ರು ಒಂದು ಬೆಳಿಗ್ಗೆ ಕಾಫಿ ಬಟ್ಟಲು ಕೆಳಗಿಟ್ಟು, "ಇವತ್ತು ನೀನು ಹತ್ತು," ಅಂದರು. "ನಾನು ಡೋಲೆ ಮೇಲೇ ಕೂತಿರ್ತೀನಿ. ಕೆಳಗಿಂದ ನೋಡೇ ಇಲ್ಲ. ಗೆರೆ ಮೇಲೆ ಹೇಗೆ ಬರ್ತಾಳೆ ನೋಡ್ಬೇಕು."

"ಇವತ್ತು ಬೇಡಪ್ಪ. ನಂಗೆ ಸೊಂಟ ಹಿಡ್ಕೊಂಡಿದೆ."

"ಮೂರು ಹೆಜ್ಜೆ ಓಡ್ಸೋಕೆ ಸೊಂಟದ ಪುರಾಣ ಯಾಕೆ? ಹತ್ತು, ಹತ್ತು."

ಅವಳು ಹತ್ತಿದಳು. ದೊಡ್ಡ ಅಂಗಣದ ಆ ತುದಿಯಿಂದ ನಡುಗೆರೆಗೆ ತಿರುಗಿಸಿದಳು. ಈ ತುದಿಯಲ್ಲಿ ಮೇಷ್ಟ್ರು ಕೋಲು ಊರಿ ನಿಂತಿದ್ದರು. ಕುಲುಕೋಟದಲ್ಲಿ ಡೋಲೆ ಹೊರಟಿತು. ಗೆಸೀನ ತನಗೆ ಗೊತ್ತಿರುವಷ್ಟೂ ನೆಟ್ಟಗೆ ಕೂತಿದ್ದಳು. ಆದರೂ ಕುದುರೆ ಎಡಕ್ಕೆ ಸರಿಯತೊಡಗಿತು. ಇಲ್ಲದ ಭಾರವೊಂದನ್ನು ಹುಡುಕುತ್ತಾ, ಅದು ಸಿಗದೆ ಇನ್ನೂ ಒಂದು ಹೆಜ್ಜೆ ಎಡಕ್ಕೆ, ಮತ್ತೂ ಒಂದು ಹೆಜ್ಜೆ ಎಡಕ್ಕೆ.

"ಎಡಕ್ಕೆ ವಾಲಿದೀಯ!" ಮೇಷ್ಟ್ರ ಹಳೆಯ ಗಂಟಲು ಅಂಗಣದ ಉದ್ದಕ್ಕೂ ಕೇಳಿಸಿತು. "ಭುಜ ಎತ್ತು! ನೆಟ್ಟಗೆ ಕೂರು! ಏನೇ ಅದು, ಹಿಟ್ಟಿನ ಮೂಟೆ ಕೂತ ಹಾಗೆ?"

"ಹೌದಪ್ಪ, ನಂದೇ ತಪ್ಪು. ಸೊಂಟ ನೋಯ್ತಿದೆ ಅಂದ್ನಲ್ಲ."

"ನಿಲ್ಸು."

ಅವಳು ನಿಲ್ಲಿಸಿದಳು. ಅವರು ಮರಳಿನಲ್ಲಿ ಕಾಲೆಳೆಯುತ್ತಾ ಬಂದು, ಕುದುರೆಯನ್ನು ಹತ್ತುವ ಮೆಟ್ಟಿಲಿನ ಪಕ್ಕಕ್ಕೆ ತರಿಸಿಕೊಂಡು, ಅವಳ ಬೆನ್ನ ಹಿಂದೆ ಮೆಟ್ಟಿಲ ಮೇಲೆ ನಿಂತರು. ಅವಳು ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಬಲಗೈಯನ್ನು ಅವಳ ಕತ್ತಿನಿಂದ ಬೆನ್ನುಮೂಳೆಯ ಉದ್ದಕ್ಕೂ ಇಳಿಸಿದರು. ಒಂದು ಭುಜ ಮುಟ್ಟಿದರು, ಇನ್ನೊಂದು ಮುಟ್ಟಿದರು. ಕೆಳಗಿಳಿದು ಅವಳ ಎರಡೂ ಹಿಮ್ಮಡಿಗಳನ್ನು ನೋಡಿದರು. ಮತ್ತೆ ಹತ್ತಿ ಬೆನ್ನಿನ ಮೇಲೆ ಕೈಯಿಟ್ಟರು. ಆ ಕೈ ಅಲ್ಲೇ ಉಳಿಯಿತು.

"ನೀನು ನೆಟ್ಟಗಿದೀಯ," ಅಂದರು.

ಗೆಸೀನ ಕುದುರೆಯ ಕಿವಿಗಳನ್ನೇ ನೋಡುತ್ತಿದ್ದಳು.

"ಕುದುರೆ ತಾನಾಗಿ ಇದನ್ನ ಕಲಿಯಲ್ಲ," ಅಂದರು ಮೇಷ್ಟ್ರು ನಿಧಾನವಾಗಿ. "ಯಾರೋ ಕಲ್ಸಿದಾರೆ. ದಿನಾ ಕಲ್ಸಿದಾರೆ." ಅವರು ಮುಂದಕ್ಕೆ ಹೋಗಿ ಬಗ್ಗಿ ಡೋಲೆಯ ಎಡಮುಂಗಾಲನ್ನು ಹಿಡಿದರು. ಬಿಸಿ ಅವರ ಕೈಗೂ ತಾಗಿರಬೇಕು. "ಯಾವಾಗಿಂದ?"

"ಮೊದಲ್ನೇ ದಿನದಿಂದ."

"ನಾನು ಕೇಳ್ದಾಗೆಲ್ಲ ನೆಟ್ಟಗಿದೀಯ ಅಂದ್ಯಲ್ಲ."

"ಅಂದೆ."

"ಶಿಷ್ಯರಿಗೆ ಸುಳ್ಳು ಹೇಳೋದನ್ನ ನಾನು ನಿಂಗೆ ಕಲಿಸ್ಲಿಲ್ಲ."

"ಅಪ್ಪಂಗೆ ಹೇಳೋದನ್ನ ನಾನೇ ಕಲ್ತ್ಕೊಂಡೆ," ಅಂದಳು ಗೆಸೀನ.

ಅವರು ಬೈಯುತ್ತಾರೆ ಅಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕೋಲನ್ನು ಬೇಲಿಗೆ ಒರಗಿಸಿ, "ಇಳಿ," ಅಂದರು. "ನನ್ನನ್ನ ಒಂದು ಸಲ ಹತ್ಸು. ನಡಿಗೇಲಿ ಮಾತ್ರ, ಒಂದೇ ಸುತ್ತು. ಈ ಸಲ ನಿಜ ಹೇಳು."

"ಅವಳ ಕಾಲು..."

"ಒಂದೇ ಸುತ್ತು ಅಂದೆ."

ಅವಳು ಹತ್ತಿಸಿದಳು. ಹಗ್ಗ ಹಿಡಿದು ಪಕ್ಕದಲ್ಲೇ ನಡೆದಳು.

"ಹೇಳು."

"ಎಡಕ್ಕಿದೀಯಪ್ಪ. ಬಲಕ್ಕೆ ಬಾ."

ಅವರು ಕೂದಲೆಳೆಯಷ್ಟು ಸರಿದರು. "ಈಗ?"

"ಇನ್ನೂ ಬಾ."

"ಈಗ?"

"ಇನ್ನೂ."

"ಬೀಳ್ತೀನಿ ಕಣೇ." ಅದು ಆಟದ ಮಾತಾಗಿರಲಿಲ್ಲ. ಅವರ ಬಲಗೈ ಜೀನಿನ ಮುಂದುಗಡೆಯ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ತನ್ನ ಜೀವಮಾನದಲ್ಲಿ ಅಪ್ಪ ಜೀನು ಹಿಡಿದದ್ದನ್ನು ಗೆಸೀನ ನೋಡಿರಲಿಲ್ಲ.

"ಬೀಳಲ್ಲ. ಬಾ, ಇನ್ನೂ ಸ್ವಲ್ಪ. ಅಲ್ಲೇ. ಅಲ್ಲೇ ಇರಪ್ಪ. ಅದೇ ನೆಟ್ಟಗೆ."

"ಇದಾ?"

"ಅದೇ."

ಮೇಷ್ಟ್ರ ಮುಖ ಬಿಳಿಚಿತ್ತು, ಹಣೆಯ ಮೇಲೆ ಬೆವರಿತ್ತು. ಬಾವಿಯ ಕಟ್ಟೆಯ ತುದಿಯಲ್ಲಿ ಕೂತವರ ಹಾಗೆ ಉಸಿರು ಹಿಡಿದಿದ್ದರು. ಆದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಎಲ್ಲವೂ ಅವರ ಗೆರೆಗೆ ಬಂದಿದ್ದವು. ಡೋಲೆ ಒಂದೆರಡು ಹೆಜ್ಜೆ ತಡವರಿಸಿತು. ಆಮೇಲೆ ಕತ್ತು ಇಳಿಸಿ, ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟು, ನೆಟ್ಟಗೆ ನಡೆಯಿತು. ಅವರಿಗೆ ಅದು ಕೆಳಗಿನಿಂದ ತಿಳಿಯಿತು. ಕುದುರೆಯ ಬೆನ್ನು ಹಗುರಾದದ್ದು ಅವರಿಗಲ್ಲದೆ ಇನ್ಯಾರಿಗೆ ತಿಳಿಯಬೇಕು?

ಸುತ್ತು ಮುಗಿಯಿತು. ಇಳಿಸು ಅಂದರು. ಇಳಿದವರು ಜೀನಿಗೆ ಹಣೆಯಿಟ್ಟು ತುಂಬ ಹೊತ್ತು ನಿಂತರು. ಕುದುರೆಗೆ ಏನೋ ಹೇಳುತ್ತಿದ್ದರು. ಅದು ಗೆಸೀನಳಿಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಧೈರ್ಯವೂ ಅವಳಿಗಿರಲಿಲ್ಲ.

"ವಂದನೆ ನೀನು ಮಾಡು," ಅಂದರು ಕೊನೆಗೆ. "ಆಲ್ಮೂಟ್‌ಗೆ ನಾನೇ ಹೇಳ್ತೀನಿ. ಕಾಲು ವಾಸಿ ಆಗ್ಲಿ, ಆಮೇಲೆ ಇವಳನ್ನ ತಿದ್ದು. ನಿಧಾನಕ್ಕೆ ತಿದ್ದು. ಬೈಬೇಡ. ಇವಳದೇನೂ ತಪ್ಪಿಲ್ಲ. ನಾನು ಮೇಲಿದೀನಿ ಅಂತ್ಲೇ ಅಂದ್ಕೊಂಡಿದಾಳೆ. ಅದನ್ನ ಮರೀಬೇಕು."

"ಅಪ್ಪ..."

"ಮರೀಬೇಕು ಗೆಸೀನ. ಇಲ್ದಿದ್ರೆ ಕುಂಟಾಗ್ತಾಳೆ."

ಹಾಗೆ ಶುರುವಾಯಿತು. ಕಾಲಿನ ಬಿಸಿ ಇಳಿದ ಮೇಲೆ ದಿನಾ ಬೆಳಿಗ್ಗೆ ಗೆಸೀನ ಹತ್ತುತ್ತಿದ್ದಳು, ಮೇಷ್ಟ್ರು ಗೆರೆಯ ತುದಿಯಲ್ಲಿ ನಿಲ್ಲುತ್ತಿದ್ದರು. ಮೊದಮೊದಲು ಡೋಲೆ ಹಟ ಮಾಡಿತು. ಎಡಕ್ಕೆ ಸರಿದಾಗಲೆಲ್ಲ ಗೆಸೀನಳ ಕಾಲು ಮೆಲ್ಲಗೆ ಬೇಡ ಅನ್ನುತ್ತಿತ್ತು. "ಚೂರು. ಇನ್ನು ಚೂರು. ಹಾಂ, ಬಿಡು," ಅಂತ ಮೇಷ್ಟ್ರು ದೂರದಿಂದ ಹೇಳುತ್ತಿದ್ದರು. ತನ್ನನ್ನು ಆ ಕುದುರೆಯ ಮೈಯಿಂದ ಅಳಿಸುವ ಕೆಲಸವನ್ನು ಅವರು ಅಷ್ಟು ಚೊಕ್ಕವಾಗಿ ಮಾಡಿಸಿದರು. ಬೇರೆ ಯಾವ ಪಾಠವೂ ಅವರ ಬಾಯಲ್ಲಿ ಅಷ್ಟು ಮೆತ್ತಗೆ ಬಂದದ್ದನ್ನು ನಮ್ಮೂರು ಕಂಡಿಲ್ಲ. ಹುಡುಗಿಯರು ಬೇಲಿಯ ಬಳಿ ಬಂದು ನಿಂತು, "ಮೇಷ್ಟ್ರಿಗೆ ವಯಸ್ಸಾಯ್ತು, ಬೈಯೋದೇ ಬಿಟ್ಬಿಟ್ರು," ಅಂತ ನಗುತ್ತಿದ್ದರು.

ಪಂದ್ಯದ ಹಿಂದಿನ ಬೆಳಿಗ್ಗೆ ಹೊಳೆಯ ಕಡೆಯಿಂದ ಮಂಜು ಕವಿದಿತ್ತು. ಗೆಸೀನ ಆ ತುದಿಯಿಂದ ತಿರುಗಿಸಿದಳು. ಡೋಲೆ ಗೆರೆ ಹಿಡಿದು ಹೊರಟಿತು. ಒಂದು ಹೆಜ್ಜೆಯೂ ಸರಿಯಲಿಲ್ಲ. ಎಡಗಡೆ ತನ್ನ ಕೂರುವ ಮೂಳೆಯ ಕೆಳಗೆ ದಿನಾ ಬಂದು ತಾಕುತ್ತಿದ್ದ ಆ ಬೆನ್ನು ಇವತ್ತು ಬರಲಿಲ್ಲ. ಕಲಿಸಿದ್ದು ಇದನ್ನೇ, ಬೇಕಾಗಿದ್ದೂ ಇದೇ. ಆದರೂ ಅವಳಿಗೆ ತಡೆಯಲಾಗಲಿಲ್ಲ. ಒಂದೇ ಒಂದು ಸಲ ಅಂದುಕೊಂಡು ಎಡಭುಜವನ್ನು ಇಳಿಬಿಟ್ಟಳು, ಎಡಪಕ್ಕೆಯನ್ನು ಮಡಚಿದಳು, ಅಪ್ಪ ಕೂರುತ್ತಿದ್ದ ಹಾಗೆಯೇ ಕೂತಳು.

ಡೋಲೆಯ ಎಡಕಿವಿ ಹಿಂದಕ್ಕೆ ತಿರುಗಿತು. ಕುದುರೆ ಮೆಲ್ಲಗೆ ಎಡಕ್ಕೆ ಒಂದು ಹೆಜ್ಜೆ ಇಟ್ಟಿತು.

"ಗೆಸೀನ," ಅಂದರು ಮೇಷ್ಟ್ರು ಮಂಜಿನ ಆಚೆಯಿಂದ. ದನಿ ಎತ್ತಲಿಲ್ಲ. "ನೆನಪು ಮಾಡ್ಬೇಡ ಅವಳಿಗೆ."

ಅವಳು ಭುಜ ಎತ್ತಿದಳು. ಕುದುರೆ ಗೆರೆಗೆ ಮರಳಿತು, ಮೇಷ್ಟ್ರು ನಿಂತಿದ್ದ ಕಡೆಗೆ ನೆಟ್ಟಗೆ ಬಂತು.